ಸೆಕೆಂಡಪ್ಪನವರ ಇಪ್ಪತ್ತೆರಡು ನಿಮಿಷ

ಸರಿಯಾದ ಸಮಯ ಈ ಪ್ರಪಂಚದಲ್ಲಿ ಎಲ್ಲಿದೆ ಎಂದು ಯಾರಾದರೂ ಹುಡುಕಿಕೊಂಡು ಹೊರಟಿದ್ದರೆ ಅವರು ಹೆಚ್ಚು ಅಲೆಯಬೇಕಾಗಿರಲಿಲ್ಲ. ಅದು ಲಸಿಕೆ ಉಗ್ರಾಣದ ಕಂಪ್ಯೂಟರ್ ವಿಭಾಗದಲ್ಲಿ, ಕಿಟಕಿ ಪಕ್ಕದ ಮೇಜಿನ ಹಿಂದೆ, ಒಬ್ಬ ಮನುಷ್ಯರ ಎಡಗೈ ಮಣಿಕಟ್ಟಿನ ಮೇಲೆ ಇತ್ತು. ಹಾಗಂತ ಆ ಮನುಷ್ಯರೇ ಹೇಳುತ್ತಿದ್ದರು. ಗಂಟೆ ಎಷ್ಟು ಎಂದು ಕೇಳಿದರೆ ಸಾಮಾನ್ಯ ಜನ ಹತ್ತೂ ಕಾಲು ಎನ್ನುತ್ತಾರೆ. ಇವರು ತೋಳು ಮಡಿಚಿ, ಗಂಟಲು ಸರಿಮಾಡಿಕೊಂಡು, "ಹತ್ತು ಗಂಟೆ, ಹದಿನಾಲ್ಕು ನಿಮಿಷ, ನಲವತ್ತು ಸೆಕೆಂಡು" ಎನ್ನುತ್ತಿದ್ದರು. ಕಚೇರಿಯವರು ಅವರಿಗೆ ಸೆಕೆಂಡಪ್ಪ ಎಂದು ಹೆಸರಿಟ್ಟರು. ಅದು ಗೇಲಿ ಎಂದು ಅವರಿಗೆ ಯಾರೂ ಹೇಳಲಿಲ್ಲವಾದ್ದರಿಂದ ಅವರು ಅದನ್ನು ಬಿರುದೆಂದೇ ತಿಳಿದಿದ್ದರು.

ಗಡಿಯಾರ ಮದುವೆಯಲ್ಲಿ ಮಾವನವರು ಕೊಟ್ಟದ್ದು. ಸ್ನಾನಕ್ಕೆ ಹೋಗುವಾಗ ಬಿಟ್ಟರೆ ಅದು ಕೈಯಿಂದ ಇಳಿದದ್ದಿಲ್ಲ. ಆ ಗಡಿಯಾರದ ಪ್ರಕಾರ ಊರೆಲ್ಲ ತಡ. ಬೆಳಗಿನ ಬಸ್ಸು ದಿನವೂ ಇಪ್ಪತ್ತೆರಡು ನಿಮಿಷ ತಡವಾಗಿ ಬರುತ್ತಿತ್ತು. ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಮ್ಮಿಯಿಲ್ಲ. ತಡದಲ್ಲೂ ಎಂಥ ಶಿಸ್ತು ಎಂದು ಸೆಕೆಂಡಪ್ಪನವರು ಡ್ರೈವರನನ್ನು ಮನಸ್ಸಿನಲ್ಲೇ ಮೆಚ್ಚುತ್ತಿದ್ದರು. ಟೀವಿಯ ವಾರ್ತೆಯವರೂ ತಡ. ಉಗ್ರಾಣದಲ್ಲಿ ಸಾಹೇಬರ ಕೋಣೆಯ ಗೋಡೆ ಗಡಿಯಾರವೂ ಇಪ್ಪತ್ತೆರಡು ನಿಮಿಷ ಹಿಂದೆ. ಅವರು ಕಚೇರಿ ತಲುಪಿದಾಗ ಗೋಡೆಯಲ್ಲಿ ಸರಿಯಾಗಿ ಒಂಬತ್ತೂವರೆ, ಕೈಯಲ್ಲಿ ಒಂಬತ್ತು ಐವತ್ತೆರಡು. ಅಂದರೆ ತಾವು ದಿನವೂ ತಡವಾಗಿಯೇ ಬರುತ್ತಿದ್ದೇವೆ, ಪಾಪದ ಗೋಡೆ ಗಡಿಯಾರ ತಮ್ಮ ಮಾನ ಕಾಯುತ್ತಿದೆ ಎಂಬುದು ಅವರೊಬ್ಬರಿಗೇ ಗೊತ್ತಿದ್ದ ಗುಟ್ಟು. ಆದ್ದರಿಂದ ಆ ಒಂದು ಗಡಿಯಾರವನ್ನು ಮಾತ್ರ ಅವರು ತಿದ್ದಲು ಹೋಗಲಿಲ್ಲ. ಸತ್ಯವಂತರೂ ಒಂದೆರಡು ಕಡೆ ಕಣ್ಣು ಮುಚ್ಚಬೇಕಾಗುತ್ತದೆ.

ಉಗ್ರಾಣದ ನಿಯಮದಂತೆ ಎಲ್ಲರ ಫೋನೂ ಗೇಟಿನ ಮರದ ಗೂಡುಗಳಲ್ಲೇ ಉಳಿಯುತ್ತಿತ್ತು. ಒಮ್ಮೆ ಹಾಜರಿ ಗುಮಾಸ್ತ ಗೇಟಿನಲ್ಲೇ ತನ್ನ ಫೋನು ತೋರಿಸಿ, "ಸಾರ್, ಇದರಲ್ಲಿ ಬೇರೆ ಟೈಮ್ ಇದೆಯಲ್ಲ?" ಎಂದು ಕೇಳಿ ಕೆಟ್ಟ.

"ಅದರದ್ದು ಬೇರೆಯವರು ಹೇಳಿಕೊಟ್ಟ ಸಮಯ ಕಣಯ್ಯ. ನನ್ನದು ಸ್ವಂತದ್ದು," ಎಂದು ಶುರುಮಾಡಿದ ಸೆಕೆಂಡಪ್ಪನವರು ಮುಗಿಸುವಷ್ಟರಲ್ಲಿ ಅವನ ಬಸ್ಸು ಹೋಗಿತ್ತು. ಅಂದಿನಿಂದ ಸಮಯದ ವಿಚಾರದಲ್ಲಿ ಅವರೊಂದಿಗೆ ವಾದಿಸಲು ಯಾರಿಗೂ ಸಮಯವಿರಲಿಲ್ಲ.

ಎರಡು ವರ್ಷದ ಹಿಂದೆ ಕೋಲ್ಡ್ ರೂಮಿನ ಬಾಗಿಲಿಗೆ ಒಂದು ಯಂತ್ರ ಕೂರಿಸಿದರು. ಬಾಗಿಲು ಎರಡು ನಿಮಿಷಕ್ಕಿಂತ ಹೆಚ್ಚು ತೆರೆದಿದ್ದರೆ ಅದು ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂದು ಬರೆದಿಡುವ ಯಂತ್ರ. ಒಳಗಿನ ಓಣಿಗೆ ಹೋಗುವಲ್ಲಿ ಮೊದಲೇ ಒಂದು ಕಾರ್ಡ್ ಯಂತ್ರವಿತ್ತು. ಒಳಗೆ ಹೋದವರ ಹೆಸರು, ಹೊತ್ತು ಅದರಲ್ಲಿ. ಬಂದ ಮೆಕ್ಯಾನಿಕ್ ಒಂದು ಒಳ್ಳೆಯ ಮಾತು ಹೇಳಿದ.

"ಸಾರ್, ಒಂದು ವೈರ್ ಎಳೆದುಬಿಟ್ರೆ ಎಲ್ಲಾ ಯಂತ್ರಗಳೂ ನಿಮ್ಮ ದೊಡ್ಡ ಕಂಪ್ಯೂಟರನ್ನ ಕೇಳ್ಕೊಂಡು ಟೈಮ್ ಸರಿಮಾಡ್ಕೊಳ್ತವೆ. ಅದು ಹೊರಗಿನ ಟೈಮ್ ಸರ್ವರನ್ನ ಕೇಳುತ್ತೆ. ಎಲ್ಲಾ ಒಂದೇ ಲೆಕ್ಕದಲ್ಲಿ ಇರ್ತವೆ."

"ಹೊರಗಿನವರನ್ನ ಯಾಕ್ರೀ ಕೇಳ್ಬೇಕು?" ಎಂದರು ಸೆಕೆಂಡಪ್ಪನವರು. "ಮನೇಲಿ ಬಾವಿ ಇಟ್ಕೊಂಡು ಪಕ್ಕದ ಮನೆಗೆ ಬಿಂದಿಗೆ ಹಿಡ್ಕೊಂಡು ಹೋಗ್ತಾರಾ ಯಾರಾದ್ರೂ?" ಹಾಗೆಂದು ಕೈಗಡಿಯಾರ ನೋಡಿ ಬಾಗಿಲ ಯಂತ್ರಕ್ಕೆ ತಾವೇ ಸಮಯ ಕೊಟ್ಟರು. ಒಂದು ನೋಟುಬುಕ್ಕಿನಲ್ಲಿ ದಿನಾಂಕ ಬರೆದು, 'ಸ್ವಂತ ಗಡಿಯಾರದಿಂದ ಸರಿಪಡಿಸಿದೆ' ಎಂದು ಸಹಿ ಹಾಕಿದರು. ಕಳೆದ ತಿಂಗಳು ಕಾರ್ಡ್ ಯಂತ್ರದ ಬ್ಯಾಟರಿ ಹೋದಾಗಲೂ ಅದೇ ಗಡಿಯಾರ, ಅದೇ ನೋಟುಬುಕ್ಕು, ಅದೇ ಸಹಿ.

ಹೀಗಿರುವಾಗ ಒಂದು ಮಂಗಳವಾರ ಕೋಲ್ಡ್ ರೂಮಿನ ಬಾಗಿಲು ನಲವತ್ತೆಂಟು ನಿಮಿಷ ತೆರೆದೇ ಉಳಿದು, ಎರಡು ಕಪಾಟಿನ ಲಸಿಕೆ ಕೆಟ್ಟುಹೋಯಿತು. ಸಾಹೇಬರು ಯಂತ್ರಗಳ ಪಟ್ಟಿ ತರಿಸಿದರು. ಸೆಕೆಂಡಪ್ಪನವರು ಎರಡು ಹಾಳೆ ಮುದ್ರಿಸಿ, ಅಂಚು ಸರಿಹೊಂದಿಸಿ, ಪಿನ್ನು ಹೊಡೆದು ಕೊಟ್ಟರು. ಕಾರ್ಡ್ ಯಂತ್ರದ ಪ್ರಕಾರ ಉಗ್ರಾಣದಕ್ಕ ಒಳಗೆ ಹೋದದ್ದು ಹನ್ನೊಂದು ಹದಿನಾರಕ್ಕೆ. ಬಾಗಿಲು ತೆರೆದದ್ದು ಹನ್ನೊಂದು ಹದಿನೇಳಕ್ಕೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಉಗ್ರಾಣದಕ್ಕನೆಂದರೆ ಇಪ್ಪತ್ತಾರು ವರ್ಷದಿಂದ ಆ ಉಗ್ರಾಣದ ದಾಸ್ತಾನು ನೋಡಿಕೊಳ್ಳುತ್ತಿದ್ದ ಹೆಂಗಸು. ಯಾವ ಪೆಟ್ಟಿಗೆ ಯಾವ ಕಪಾಟಿನ ಯಾವ ಮೂಲೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವರು.

"ನಾನು ಹನ್ನೊಂದಕ್ಕೆ ಆರು ನಿಮಿಷ ಮುಂಚೇನೇ ಒಳಗೆ ಹೋದೆ ಸಾರ್," ಎಂದರು ಅಕ್ಕ. "ಹನ್ನೊಂದಕ್ಕೆ ನನ್ನ ಕೈಯಲ್ಲಿ ಚಹಾ ಲೋಟ ಇತ್ತು. ಗೋಡೆ ಗಡಿಯಾರ ನೋಡಿದೀನಿ. ಪೆಟ್ಟಿಗೆ ಎತ್ಕೊಂಡು, ಸೊಂಟದಿಂದ ಬಾಗಿಲು ತಳ್ಳಿ ಬಂದೆ. ಇಪ್ಪತ್ತಾರು ವರ್ಷದಿಂದ ಹಾಗೇ ತಳ್ತಾ ಬಂದಿದೀನಿ."

ಸಾಹೇಬರು ಸೆಕೆಂಡಪ್ಪನವರ ಮುಖ ನೋಡಿದರು. ಆ ಗಳಿಗೆಯಲ್ಲಿ ಸುಮ್ಮನಿದ್ದಿದ್ದರೆ ಸೆಕೆಂಡಪ್ಪನವರಿಗೆ ಏನೂ ನಷ್ಟವಾಗುತ್ತಿರಲಿಲ್ಲ. ಆದರೆ ಗೊತ್ತಿದ್ದದ್ದನ್ನು ಹೇಳದೆ ಇರುವುದು ಅವರಿಗೆ ಗೊತ್ತಿರಲಿಲ್ಲ. "ಸಾರ್, ನಿಮ್ಮ ಗೋಡೆ ಗಡಿಯಾರ ಇಪ್ಪತ್ತೆರಡು ನಿಮಿಷ ಹಿಂದಿದೆ. ಅಕ್ಕ ಆರು ನಿಮಿಷ ಮುಂಚೆ ಅಂದ್ರೆ ಹತ್ತು ಐವತ್ನಾಲ್ಕು. ಇಪ್ಪತ್ತೆರಡು ಸೇರಿಸಿ. ಹನ್ನೊಂದು ಹದಿನಾರು! ಕಾರ್ಡ್ ಯಂತ್ರಕ್ಕೆ ಕೂದಲೆಳೆ ವ್ಯತ್ಯಾಸವಿಲ್ಲ. ಯಂತ್ರ ಸುಳ್ಳು ಹೇಳೋದಿಲ್ಲ ಸಾರ್."

ಅಕ್ಕ ನಿಧಾನವಾಗಿ ಅವರ ಕಡೆ ತಿರುಗಿದರು. "ಹಾಗಾದ್ರೆ ಸುಳ್ಳು ಹೇಳೋದು ನಾನು ಅಂತಾಯ್ತು. ಅಲ್ವಾ ತಮ್ಮಾ?"

ಶುಕ್ರವಾರ ಕೇಂದ್ರ ಕಚೇರಿಯಿಂದ ವಿಚಾರಣೆಗೆ ಮೇಡಂ ಬರುತ್ತಾರೆ, ತಪ್ಪು ಸಾಬೀತಾದರೆ ಅಕ್ಕನಿಗೆ ಆರು ಗಂಟೆ ದಾರಿಯ ಇನ್ನೊಂದು ಉಗ್ರಾಣಕ್ಕೆ ವರ್ಗ ಎಂದು ಸಾಹೇಬರು ಹೇಳಿದರು. ಅಕ್ಕನ ಗಂಡ ಮೂರು ವರ್ಷದಿಂದ ಹಾಸಿಗೆ ಹಿಡಿದವರು. ಅವರನ್ನು ಎಬ್ಬಿಸಿ ಕೂರಿಸಲು ಈ ಊರಿನಲ್ಲಿ ಅಕ್ಕನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಸೆಕೆಂಡಪ್ಪನವರಿಗೆ ಅಂದು ಊಟ ಸೇರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅವರು ಇಡೀ ದಾಸ್ತಾನು ಪಟ್ಟಿಯನ್ನು ಕಂಪ್ಯೂಟರಿನಿಂದ ಅಳಿಸಿ ಕೂತಿದ್ದಾಗ, ಎರಡು ದಿನ ಪಕ್ಕದಲ್ಲಿ ಕುಳಿತು, ನೆನಪಿನಿಂದಲೇ ಒಂದೊಂದಾಗಿ ಹೇಳಿ ಬರೆಸಿದವರು ಈ ಅಕ್ಕ. ಆ ವಿಷಯ ಇವತ್ತಿನವರೆಗೆ ಇನ್ನೊಬ್ಬರ ಕಿವಿಗೆ ಬಿದ್ದಿರಲಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ. ಅಕ್ಕನೂ ಸುಳ್ಳು ಹೇಳುವುದಿಲ್ಲ. ಎರಡರಲ್ಲಿ ಒಂದು ಮುರಿಯಲೇಬೇಕು, ಮತ್ತು ಅದು ಅಕ್ಕ ಆಗಕೂಡದು ಎಂದು ಅವರು ತೀರ್ಮಾನಿಸಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯರು ಒಮ್ಮೆ ಕಾಲು ಎಣಿಸಲು ಕುಳಿತರೆ ಮತ್ತೆ ಏಳುವವರಲ್ಲ.

ಬುಧವಾರ ಮಧ್ಯಾಹ್ನ ಅವರು ಪರೀಕ್ಷೆಗೆ ಇಳಿದರು. ಕಾರ್ಡು ಒತ್ತಿದರು, ಓಣಿಯಲ್ಲಿ ಓಡಿದರು, ಕೋಲ್ಡ್ ರೂಮಿನ ಬಾಗಿಲು ತೆರೆದು ಹಿಡಿದು ಎರಡು ನಿಮಿಷದ ಮೇಲೂ ಚಳಿಯಲ್ಲಿ ನಡುಗಿದರು. ಅಕ್ಕನೇ ಪಕ್ಕದಲ್ಲಿ ನಿಂತು, "ಸಾಕು ತಮ್ಮಾ, ಇರೋ ಲಸಿಕೆನೂ ಕೆಡಿಸ್ಬೇಡ," ಎಂದು ಬಾಗಿಲು ಮುಚ್ಚಿಸಿದರು. ಹಾಳೆ ಮುದ್ರಿಸಿ ನೋಡಿದರೆ ಕಾರ್ಡು ಒತ್ತಿದ್ದು ನಾಲ್ಕು ಮೂವತ್ತೆರಡಕ್ಕೆ. ಬಾಗಿಲು ತೆರೆದದ್ದು ನಾಲ್ಕು ಹತ್ತೊಂಬತ್ತಕ್ಕೆ.

"ನಾನು ಒಳಗೆ ಹೋಗೋದಕ್ಕೆ ಹದಿಮೂರು ನಿಮಿಷ ಮುಂಚೇನೇ ನಾನು ಬಾಗಿಲು ತೆಗೆದಿದೀನಿ!" ಎಂದು ಸೆಕೆಂಡಪ್ಪನವರು ಗೇಟಿನವರೆಗೂ ಕೂಗಿಕೊಂಡು ಬಂದರು.

ಗೇಟಿನ ಕಾವಲುಗಾರ ತನ್ನ ಪುಸ್ತಕ ತೆರೆದು ಗಂಭೀರವಾಗಿ ನೋಡಿದ. "ನಿಮಗಿಂತ ಮುಂಚೆ ನೀವೇ ಒಳಗೆ ಹೋಗಿದ್ರೆ ನನ್ನ ಪುಸ್ತಕದಲ್ಲಿ ಇಬ್ಬರು ಇರ್ಬೇಕಲ್ಲ ಸಾರ್? ಒಬ್ಬರೇ ಇದೀರಿ. ಇನ್ನೊಬ್ಬರನ್ನ ಸಹಿ ಹಾಕಿಸದೆ ಹೇಗೆ ಬಿಡಲಿ?"

ಸಾಹೇಬರು ತಮ್ಮ ಕೋಣೆಯಲ್ಲಿ ಒಂದು ಕಡತದಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತಿದ್ದರು. ಅವರ ಫ್ಯಾನು ಕೆಟ್ಟು ಮೂರು ತಿಂಗಳಾಗಿತ್ತು; ಅವರು ಬೀಸಿಕೊಳ್ಳುತ್ತಿದ್ದ ಕಡತ ಆ ಫ್ಯಾನಿನ ದುರಸ್ತಿಯದೇ.

"ಎರಡು ಯಂತ್ರಕ್ಕೂ ಟೈಮ್ ಕೊಟ್ಟಿದ್ದು ಯಾರು?" ಎಂದು ಕೇಳಿದರು.

"ನಾನೇ ಸಾರ್."

"ಯಾವ ಗಡಿಯಾರ ನೋಡಿ?"

"ಇದೇ ಸಾರ್."

"ಈ ಗಡಿಯಾರ ತಪ್ಪಾ?"

"ಸಾಧ್ಯವೇ ಇಲ್ಲ ಸಾರ್!"

"ಹಾಗಾದ್ರೆ ಯಂತ್ರಗಳೂ ತಪ್ಪಲ್ಲ. ಯಾವುದೂ ತಪ್ಪಲ್ಲದೇ ಇದ್ರೆ ತಪ್ಪು ಅಕ್ಕನದೇ. ಹೋಗಿ ಕೆಲಸ ನೋಡಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂದು ಗೊಣಗುತ್ತ ಸೆಕೆಂಡಪ್ಪನವರು ಮೆಕ್ಯಾನಿಕ್‌ಗೆ ಫೋನು ಮಾಡಿದರು. ಅವನು, "ನಮ್ಮ ಯಂತ್ರ ವರ್ಷಕ್ಕೆ ಅರ್ಧ ನಿಮಿಷಾನೂ ತಪ್ಪಲ್ಲ ಸಾರ್. ನೀವು ಟೈಮ್ ಕೊಟ್ಟ ಗಡಿಯಾರನ ಒಂದ್ಸಲ ನೋಡಿಸಿ," ಎಂದ. ಇಂಥ ಮಾತನ್ನು ಬೇರೆ ದಿನ ಯಾರಾದರೂ ಹೇಳಿದ್ದರೆ ಅವರ ನಂಟು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಕ್ಕನ ಪ್ರಶ್ನೆ ಕಿವಿಯಲ್ಲಿ ಇನ್ನೂ ಕೂತಿತ್ತು. ಸೆಕೆಂಡಪ್ಪನವರು ಕಚೇರಿ ಬಿಟ್ಟವರೇ ಹಲ್ಲು ಕಚ್ಚಿಕೊಂಡು ಗಡಿಯಾರದ ಅಂಗಡಿಗೆ ಹೋದರು.

ಅಂಗಡಿಯ ಮುದುಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಡಿಯಾರವನ್ನು ಬಿಚ್ಚಿ, ಒಂದು ಚಿಕ್ಕ ಯಂತ್ರದ ಮೇಲಿಟ್ಟು ಬಹಳ ಹೊತ್ತು ನೋಡಿದ. "ಎಂಥಾ ಗಡಿಯಾರ ಸ್ವಾಮಿ! ಚಿನ್ನದಂಥ ಓಟ. ತಿಂಗಳಿಗೆ ನಾಲ್ಕು ಸೆಕೆಂಡು ಆಚೀಚೆ ಆಗಲ್ಲ."

ಸೆಕೆಂಡಪ್ಪನವರ ಎದೆ ಉಬ್ಬಿತು. "ಗೊತ್ತಿತ್ತು."

"ಇಪ್ಪತ್ತೆರಡು ನಿಮಿಷ ಮುಂದಿದೆ, ಅಷ್ಟೆ."

"ನಿಮ್ಮ ಗಡಿಯಾರ ಹಿಂದಿದೆ ಅನ್ನಿ."

ಮುದುಕ ಭೂತಗನ್ನಡಿ ತೆಗೆದು ಗೋಡೆಗಳ ಕಡೆ ಕೈ ತೋರಿಸಿದ. ಸೆಕೆಂಡಪ್ಪನವರು ತಲೆಯೆತ್ತಿ ನೋಡಿದರು. ಮೂರು ಗೋಡೆ, ನಲವತ್ತು ಗಡಿಯಾರ. ದೊಡ್ಡವು, ಚಿಕ್ಕವು, ಲೋಲಕ ಆಡಿಸುವವು, ಹಕ್ಕಿ ಹೊರಬರುವವು. ನಲವತ್ತೂ ಐದು ಗಂಟೆ ನಲವತ್ತು ನಿಮಿಷ ಎನ್ನುತ್ತಿದ್ದವು. ಅವರ ಕೈಗಡಿಯಾರ ಆರೂ ಎರಡು ಎನ್ನುತ್ತಿತ್ತು. ನಲವತ್ತು ಜನ ಸೇರಿ ಒಬ್ಬನ ಮೇಲೆ ಸುಳ್ಳು ಹೇಳಬಹುದೇ ಎಂದು ಅವರು ಕ್ಷಣಕಾಲ ಯೋಚಿಸಿದ್ದೂ ಉಂಟು.

"ತಾನಾಗೇ ಮುಂದೆ ಹೋಗೋ ಜಾತಿ ಅಲ್ಲ ಇದು," ಎಂದ ಮುದುಕ, ಗಡಿಯಾರದ ತಿರುಗುಗುಂಡಿಯನ್ನು ಬೆರಳಿನಿಂದ ಸವರುತ್ತ. "ಗುಂಡಿ ನೋಡಿ, ಸವೆದಿದೆ. ಯಾರೋ ಪದೇ ಪದೇ ತಿರುಗಿಸಿದಾರೆ. ಮನೇಲಿ ಯಾರ್ಯಾರಿದೀರಿ?"

ಮನೆಯಲ್ಲಿ ಇದ್ದವರು ಇಬ್ಬರು. ಎಂಟು ವರ್ಷದ ಮಗಳು ಬರೆಯುತ್ತ ಕೂತಿದ್ದಳು. ಹೆಂಡತಿ ಬಟ್ಟೆ ಮಡಿಸುತ್ತಿದ್ದರು. ಸೆಕೆಂಡಪ್ಪನವರು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು.

"ಇವಳೇ, ಇದು ಇಪ್ಪತ್ತೆರಡು ನಿಮಿಷ ಮುಂದಿದೆಯಂತೆ."

"ಹೂಂ," ಎಂದರು ಹೆಂಡತಿ, ಟವೆಲಿನ ಅಂಚು ಕೂಡಿಸುತ್ತ.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ. ನಾನೇ ಇಟ್ಟಿದ್ದು."

ಸೆಕೆಂಡಪ್ಪನವರು ಕುರ್ಚಿ ಹುಡುಕಿ ಕುಳಿತರು. "ಯಾವಾಗ?"

"ನೀವು ಸ್ನಾನಕ್ಕೆ ಹೋದಾಗ. ಇನ್ಯಾವಾಗ ಬಿಚ್ತೀರಿ ಅದನ್ನ?"

"ಹಾಗಾದ್ರೆ ನಮ್ಮ ಮನೆ ಗೋಡೆ ಗಡಿಯಾರ? ನನ್ನ ಫೋನು?"

"ಒಂದನ್ನ ಮುಂದಿಟ್ಟು ಇನ್ನೊಂದನ್ನ ಬಿಟ್ರೆ ಗೊತ್ತಾಗಲ್ವಾ? ನಾನೇನು ಅಷ್ಟು ದಡ್ಡಿನಾ?" ಎಂದು ಹೆಂಡತಿ ಟವೆಲು ಕೆಳಗಿಟ್ಟರು. "ಮುಹೂರ್ತಕ್ಕೆ ಅರ್ಧ ಗಂಟೆ ತಡವಾಗಿ ಬಂದ ಮದುಮಗ ನೀವು. ಅಪ್ಪ ಗಡಿಯಾರ ಕೊಟ್ಟಿದ್ದೇ ಅದಕ್ಕೆ. ಮಾರನೇ ದಿನ ಐದು ನಿಮಿಷ ಮುಂದಿಟ್ಟೆ. ಸುಧಾರಿಸಿದ್ರಿ. ಆಮೇಲೆ ಆ ಐದು ನಿಮಿಷಾನೂ ತಿಂದು ಹಾಕೋಕೆ ಶುರುಮಾಡಿದ್ರಿ. ಏಳಕ್ಕೇರಿಸಿದೆ. ಹೀಗೇ ಬಂತು. ಇವತ್ತಿನವರೆಗೆ ಕಚೇರಿಗೆ ಒಂದು ದಿನ ತಡವಾಗಿದೆಯಾ? ಹೇಳಿ!"

"ದಿನಾ ತಡ ಅಂದ್ಕೊಂಡು ಒಳಗೊಳಗೇ ಸಾಯ್ತಿದ್ನಲ್ಲೇ!"

"ಅಪ್ಪಾ, ನಮ್ಮ ಮನೇಲಿ ಎರಡು ಟೈಮ್," ಎಂದು ಮಗಳು ಪುಸ್ತಕದಿಂದ ತಲೆಯೆತ್ತದೆ ವಿವರಿಸಿದಳು. "ಒಂದು ನಿಜವಾದ ಟೈಮ್. ಇನ್ನೊಂದು ಅಪ್ಪನ ಟೈಮ್. ಪಕ್ಕದ ಮನೆ ಅಜ್ಜಿಗೂ ಗೊತ್ತು. ನಿಮಗೆ ಗೊತ್ತಿರಲಿಲ್ವಾ?"

ನಿಜವಾದ ಟೈಮು ಅಡುಗೆಮನೆಯ ಕಪಾಟಿನಲ್ಲಿ, ಡಬ್ಬಿಗಳ ಹಿಂದೆ, ಅಂಗೈಯಗಲದ ಟೈಂಪೀಸಿನ ರೂಪದಲ್ಲಿ ವಾಸವಾಗಿತ್ತು. ಹೆಂಡತಿ ಅದನ್ನು ತೋರಿಸಲೆಂದು ಕಪಾಟು ತೆರೆದಾಗ ಸೆಕೆಂಡಪ್ಪನವರ ಕಣ್ಣಿಗೆ ಬಿದ್ದದ್ದು ಟೈಂಪೀಸಲ್ಲ, ಬಾಗಿಲಿನ ಒಳಮೈ. ಅಲ್ಲಿ ಪೆನ್ಸಿಲಿನಲ್ಲಿ, ಗುಂಡಗಿನ ಅಕ್ಷರದಲ್ಲಿ, ದಿನಾಂಕದ ಸಮೇತ ಒಂದು ಪಟ್ಟಿ.

'ಮದುವೆ ಮಾರನೇ ದಿನ, 5. ಸಿನಿಮಾ ಅರ್ಧ ತಪ್ಪಿತು, 2, ಒಟ್ಟು 7. ಮಗಳ ಶಾಲೆ ಮೊದಲ ದಿನ, 2, ಒಟ್ಟು 9. ತಂಗಿ ಮದುವೆ ಫೋಟೋದಲ್ಲಿ ಇವರಿಲ್ಲ, 5, ಒಟ್ಟು 14. ಅಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಾದರು, 7, ಒಟ್ಟು 21. ಸುಮ್ಮನೆ ಸಿಟ್ಟು ಬಂದಿತ್ತು, 1, ಒಟ್ಟು 22.'

"ಬರೆದಿಡದೇ ಇದ್ರೆ ಎಷ್ಟು ಮುಂದಿಟ್ಟೆ ಅಂತ ನನಗೇ ಮರೆತುಹೋಗುತ್ತಲ್ಲ," ಎಂದರು ಹೆಂಡತಿ.

ಸೆಕೆಂಡಪ್ಪನವರಿಗೆ ಸಿಟ್ಟು ಬರಬೇಕಾಗಿತ್ತು. ಬರಲೂ ಹೊರಟಿತ್ತು. ಆದರೆ ದಾರಿಯಲ್ಲಿ ಅದಕ್ಕೆ ಒಂದು ಲೆಕ್ಕ ಅಡ್ಡ ಬಂತು. ಅವರು ಚೀಲದಿಂದ ನೋಟುಬುಕ್ಕು ತೆಗೆದರು. ಬಾಗಿಲ ಯಂತ್ರಕ್ಕೆ ಸಮಯ ಕೊಟ್ಟ ದಿನ ಕಪಾಟಿನ ಪ್ರಕಾರ ಗಡಿಯಾರ ಒಂಬತ್ತು ನಿಮಿಷ ಮುಂದೆ. ಕಾರ್ಡ್ ಯಂತ್ರಕ್ಕೆ ಕೊಟ್ಟ ದಿನ ಇಪ್ಪತ್ತೆರಡು. ಇಪ್ಪತ್ತೆರಡರಲ್ಲಿ ಒಂಬತ್ತು ಕಳೆದರೆ ಹದಿಮೂರು. ತಾವು ಒಳಗೆ ಹೋಗುವ ಮೊದಲೇ ಬಾಗಿಲು ತೆರೆದ ಆ ಹದಿಮೂರು ನಿಮಿಷ!

ಆಮೇಲೆ ಮಂಗಳವಾರದ ಪಟ್ಟಿ. ಅಕ್ಕನ ಹನ್ನೊಂದು ಹದಿನಾರರಲ್ಲಿ ಇಪ್ಪತ್ತೆರಡು ಕಳೆದರು: ಹತ್ತು ಐವತ್ನಾಲ್ಕು. ಬಾಗಿಲಿನ ಹನ್ನೊಂದು ಹದಿನೇಳರಲ್ಲಿ ಒಂಬತ್ತು ಕಳೆದರು: ಹನ್ನೊಂದು ಎಂಟು. ಅಕ್ಕ ಒಳಗೆ ಹೋದ ಹದಿನಾಲ್ಕು ನಿಮಿಷದ ಮೇಲೆ ಬಾಗಿಲು ತೆರೆದಿದೆ. ಅಷ್ಟು ಹೊತ್ತಿಗೆ ಅಕ್ಕ ಚಹಾ ಕುಡಿದು ಲೋಟ ತೊಳೆದಿಟ್ಟಾಗಿತ್ತು. ಗೋಡೆ ಗಡಿಯಾರ ಸರಿ, ಅಕ್ಕ ಸರಿ. ಇಡೀ ಉಗ್ರಾಣದಲ್ಲಿ ತಪ್ಪಾಗಿದ್ದದ್ದು ಒಂದೇ ಒಂದು ವಸ್ತು. ಅದನ್ನು ಅವರು ಹೆಮ್ಮೆಯಿಂದ ಕೈಗೆ ಕಟ್ಟಿಕೊಂಡು ತಿರುಗಿದ್ದರು.

ಈ ಲೆಕ್ಕ ಬಾಯಿಬಿಟ್ಟರೆ ನಾಳೆಯಿಂದ ಕಚೇರಿಯಲ್ಲಿ ತಲೆಯೆತ್ತುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡರೆ ಅಕ್ಕ ಊರು ಬಿಡಬೇಕು. ಅವರಿಗೆ ಅಳು ಬಂದಂತಾಯಿತು.

"ನಾಡಿದ್ದು ನನ್ನ ಜೊತೆ ಬರ್ತೀಯಾ?" ಎಂದರು ಕೊನೆಗೆ. "ಅಕ್ಷರ ನಿಂದು. ನೀನೇ ಹೇಳ್ಬೇಕು."

"ಬರ್ತೀನಿ. ನನಗೇನು ಭಯ? ತಡ ಮಾಡೋರು ನೀವು."

"ಆದ್ರೆ ನಕಲು ಬರ್ಕೊಂಡು ಹೋದ್ರೆ ನಂಬಲ್ಲ. ವಿಚಾರಣೆಗೆ ಮೂಲ ದಾಖಲೆ ಬೇಕು," ಎಂದು ಹೇಳಿ ಸೆಕೆಂಡಪ್ಪನವರು ತಿರುಪುಳಿ ಹುಡುಕತೊಡಗಿದರು.

ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಒಬ್ಬ ಮನುಷ್ಯರು, ಒಬ್ಬ ಹೆಂಗಸು ಮತ್ತು ಒಂದು ಹಸಿರು ಬಣ್ಣದ ಕಪಾಟಿನ ಬಾಗಿಲು ಪ್ರಯಾಣ ಮಾಡಿದರು. ಬಾಗಿಲಿಗೆ ಸೀಟು ಸಿಕ್ಕಿತು, ಸೆಕೆಂಡಪ್ಪನವರು ನಿಂತರು.

"ಇದಕ್ಕೂ ಟಿಕೆಟ್ ತಗೋಬೇಕು," ಎಂದ ಕಂಡಕ್ಟರ್.

"ಇದು ಸಾಕ್ಷಿ ಕಣಪ್ಪ."

"ಸಾಕ್ಷಿ ಆದ್ರೆ ಪೂರ್ತಿ ಟಿಕೆಟ್. ಸಾಮಾನಾದ್ರೆ ಅರ್ಧ."

ಅರ್ಧ ಟಿಕೆಟ್ಟಿನಲ್ಲಿ ಬಂದ ಬಾಗಿಲನ್ನು ಗೇಟಿನ ಕಾವಲುಗಾರ ತಡೆದ. "ಬಾಗಿಲಿನ ಒಳಗಿಂದ ಜನ ಹೋಗೋದು ನೋಡಿದೀನಿ. ಬಾಗಿಲೇ ಒಳಗೆ ಹೋಗೋದು ಇವತ್ತೇ ನೋಡ್ತಿರೋದು," ಎಂದು ಹೇಳಿ, ಪುಸ್ತಕದಲ್ಲಿ 'ಬಾಗಿಲು, ಒಂದು. ಉದ್ದೇಶ: ವಿಚಾರಣೆ' ಎಂದು ಬರೆದು, ಸಹಿ ಜಾಗದಲ್ಲಿ ಏನು ಮಾಡುವುದೆಂದು ತಿಳಿಯದೆ ಅದರ ಹಿಡಿಕೆಯ ಚಿತ್ರ ಬಿಡಿಸಿದ.

ವಿಚಾರಣೆ ಸಾಹೇಬರ ಕೋಣೆಯಲ್ಲೇ ನಡೆಯಿತು. ಫ್ಯಾನು ಮೇಲಿನಿಂದ ಸುಮ್ಮನೆ ನೋಡುತ್ತಿತ್ತು. ಕೇಂದ್ರ ಕಚೇರಿಯ ಮೇಡಂ ಕನ್ನಡಕದ ಮೇಲಿನಿಂದ ಎಲ್ಲರನ್ನೂ ಅಳೆದರು. ಅಕ್ಕ ಒಂದು ಮೂಲೆಯಲ್ಲಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಾಜರಿ ಗುಮಾಸ್ತ ಬರೆದುಕೊಳ್ಳಲು ಕುಳಿತಿದ್ದ.

"ಯಂತ್ರದ ಪಟ್ಟಿ ಸ್ಪಷ್ಟವಾಗಿದೆ," ಎಂದರು ಮೇಡಂ. "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?"

"ನನಗಿದೆ ಮೇಡಂ," ಎಂದು ಸೆಕೆಂಡಪ್ಪನವರು ಬಾಗಿಲು ಹಿಡಿದುಕೊಂಡೇ ಎದ್ದರು. "ಯಂತ್ರಕ್ಕೆ ಸುಳ್ಳು ಹೇಳಿಕೊಟ್ಟಿದ್ದು ನಾನು. ನನಗೆ ಸುಳ್ಳು ಹೇಳಿಕೊಟ್ಟಿದ್ದು ಈ ಗಡಿಯಾರ. ಗಡಿಯಾರಕ್ಕೆ ಹೇಳಿಕೊಟ್ಟಿದ್ದು ನನ್ನ ಹೆಂಡತಿ. ಅದಕ್ಕೆ ದಾಖಲೆ ಇದೆ."

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಬಾಗಿಲಿನ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. 'ಸುಮ್ಮನೆ ಸಿಟ್ಟು ಬಂದಿತ್ತು' ಎಂಬಲ್ಲಿ ಅವರ ತುಟಿ ಸ್ವಲ್ಪ ಅಲ್ಲಾಡಿತು.

"ಇದು ನಿಮ್ಮ ಅಕ್ಷರಾನಾ ಅಮ್ಮಾ?"

"ಹೌದು ಮೇಡಂ. ಒಂದೂ ಬಿಟ್ಟಿಲ್ಲ. ಬೇಕಾದ್ರೆ ನಮ್ಮಮ್ಮನ್ನ ಕೇಳಿ, ಬಸ್ ಸ್ಟ್ಯಾಂಡಲ್ಲಿ ಎಷ್ಟು ಹೊತ್ತು ಕೂತಿದ್ರು ಅಂತ."

"ಬೇಡ. ಇಷ್ಟು ವರ್ಷದಲ್ಲಿ ನಾನು ನೋಡಿದ ದಾಖಲೆಗಳಲ್ಲಿ ತಿದ್ದುಪಡಿಗೆ ಕಾರಣ ಬರೆದಿರೋದು ಇದೊಂದೇ," ಎಂದರು ಮೇಡಂ. ನೋಟುಬುಕ್ಕು ತೆರೆಸಿದರು, ಗೋಡೆ ಗಡಿಯಾರವನ್ನು ತಮ್ಮ ಗಡಿಯಾರಕ್ಕೆ ತಾಳೆ ನೋಡಿದರು, ಎರಡೂ ಯಂತ್ರಗಳ ಮುಂದೆ ಖುದ್ದಾಗಿ ನಿಂತು ಬಂದರು. ಒಂದು ಇಪ್ಪತ್ತೆರಡು ಮುಂದೆ, ಇನ್ನೊಂದು ಒಂಬತ್ತು. ಕಪಾಟು ಹೇಳಿದ್ದಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲ.

"ಹಾಗಾದ್ರೆ ಅಕ್ಕ ಹೋದದ್ದು ಹತ್ತು ಐವತ್ನಾಲ್ಕಕ್ಕೆ. ಬಾಗಿಲು ತೆರೆದದ್ದು ಹನ್ನೊಂದು ಎಂಟಕ್ಕೆ," ಎಂದು ಮೇಡಂ ಕಾರ್ಡಿನ ಪಟ್ಟಿಯ ಮೇಲೆ ಬೆರಳಾಡಿಸಿದರು. "ಆಮೇಲೆ ಹನ್ನೊಂದು ಮೂವತ್ತಕ್ಕೆ ಇನ್ನೊಂದು ಕಾರ್ಡು ಇದೆ. ಇಪ್ಪತ್ತೆರಡು ಕಳೆದ್ರೆ ಇದೂ ಹನ್ನೊಂದು ಎಂಟೇ. ಇದು ಯಾರದು?"

ಗುಮಾಸ್ತ ಪಟ್ಟಿಗೆ ಬಗ್ಗಿ ನೋಡಿದ. ಮತ್ತೆ ನೆಟ್ಟಗೆ ಕೂತು ಕಿಟಕಿಯ ಹೊರಗೆ ನೋಡತೊಡಗಿದ. ಸೆಕೆಂಡಪ್ಪನವರೂ ನೋಡಿದರು. ಅಕ್ಕನನ್ನು ಉಳಿಸುವ ಆತುರದಲ್ಲಿ ಅವರು ಆ ಸಾಲಿಗೆ ಕಳೆಯುವ ಲೆಕ್ಕ ಹಾಕಿಯೇ ಇರಲಿಲ್ಲ. ಕೋಣೆಯಲ್ಲಿ ಒಂದೇ ಒಂದು ಸದ್ದು ಕೇಳುತ್ತಿತ್ತು: ಸಾಹೇಬರು ಕಡತ ಬೀಸಿಕೊಳ್ಳುವುದು. ಅದೂ ನಿಂತಿತು.

"ಫ್ಯಾನು ಕೆಟ್ಟು ಮೂರು ತಿಂಗಳಾಯ್ತು ಮೇಡಂ," ಎಂದರು ಸಾಹೇಬರು, ಯಾರೂ ಕೇಳದಿದ್ದರೂ. "ಆವತ್ತು ಸೆಕೆ ತಡೆಯೋಕಾಗ್ಲಿಲ್ಲ. ಒಂದು ಖಾಲಿ ಪೆಟ್ಟಿಗೆ ಹಾಕ್ಕೊಂಡು ಕೋಲ್ಡ್ ರೂಮಿನ ಬಾಗಿಲು ತೆಗೆದು ಅದರ ಮುಂದೆ ಕೂತು ಎರಡು ಕಡತ ನೋಡಿದೆ, ಅಷ್ಟೆ. ತಂಪಾಗಿ ಹಾಯಾಗಿತ್ತು. ಕಣ್ಣು ಹತ್ತಿತು. ಎಚ್ಚರಾದಾಗ ಬಾಗಿಲು ಮುಚ್ಚಿ ಎದ್ದುಬಂದೆ. ತಪ್ಪು ನನ್ನದೇ ಅಂತ ಹೆದರಿದ್ದೆ. ಆದ್ರೆ ಪಟ್ಟಿ ಬಂತಲ್ಲ, ಅದರಲ್ಲಿ ನಾನು ಹೋಗೋ ಮೊದಲೇ ಬಾಗಿಲು ತೆರೆದಿತ್ತು ಅಂತ ಇತ್ತು. ಯಂತ್ರ ಸುಳ್ಳು ಹೇಳೋದಿಲ್ಲ ಅಂತ ಇವರೇ ಹೇಳಿದ್ರು. ನಾನೂ ನಂಬಿಬಿಟ್ಟೆ ಮೇಡಂ. ನಂಬೋಕೆ ಎಷ್ಟು ಸುಲಭವಾಗಿತ್ತು ಅಂತೀರಿ!"

ಬೇಲಿಯೇ ಎದ್ದು ಹೊಲ ಮೇಯುವುದನ್ನು ಎಲ್ಲರೂ ಕೇಳಿದ್ದರು. ಮೇದು ಅಲ್ಲೇ ನಿದ್ದೆ ಹೊಡೆದ ಬೇಲಿಯನ್ನು ಅಂದೇ ಕಂಡರು. ಅಕ್ಕ ಮಾತ್ರ ಎದ್ದು ಬಂದು, ಸೆಕೆಂಡಪ್ಪನವರ ಕೈಯಿಂದ ಬಾಗಿಲನ್ನು ತೆಗೆದುಕೊಂಡು ಗೋಡೆಗೆ ಒರಗಿಸಿದರು. "ಆಗಿನಿಂದ ಹಿಡ್ಕೊಂಡೇ ನಿಂತಿದೀಯಲ್ಲ ತಮ್ಮಾ, ಕೈ ನೋಯಲ್ವಾ?" ಎಂದರು. ಸೆಕೆಂಡಪ್ಪನವರ ಕಣ್ಣು ತುಂಬಿತು. ಸೆಕೆ ಎಂದು ಹೇಳಿ ಒರೆಸಿಕೊಂಡರು.

ಮೇಡಂ ಆದೇಶ ಬರೆಸಿದರು. ಅಕ್ಕನ ಮೇಲೆ ತಪ್ಪಿಲ್ಲ. ಸಾಹೇಬರ ವಿಷಯ ಕೇಂದ್ರ ಕಚೇರಿಗೆ. ಇನ್ನು ಮುಂದೆ ಉಗ್ರಾಣದ ಯಾವ ಯಂತ್ರಕ್ಕೂ ಯಾರೂ ಕೈಯಾರೆ ಸಮಯ ಕೊಡಕೂಡದು. ಎಲ್ಲವೂ ಒಂದೇ ಗಡಿಯಾರವನ್ನು ಕೇಳಿ ನಡೆಯಬೇಕು. ಕಪಾಟಿನ ಬಾಗಿಲು ಮೂಲ ದಾಖಲೆಯಾದ್ದರಿಂದ ಕಡತಕ್ಕೆ ಸೇರಬೇಕು. ಕಡತದೊಳಗೆ ಹಿಡಿಸದ ಕಾರಣ ಗುಮಾಸ್ತ ಕಡತವನ್ನೇ ಬಾಗಿಲಿಗೆ ದಾರದಿಂದ ಕಟ್ಟಿದ.

ಸೆಕೆಂಡಪ್ಪನವರು ಶನಿವಾರವೆಲ್ಲ ನೆಲದ ಮೇಲೆ ಮಂಡಿಯೂರಿ ವೈರು ಎಳೆದರು. ಬಾಗಿಲ ಯಂತ್ರ, ಕಾರ್ಡ್ ಯಂತ್ರ, ಎಲ್ಲವೂ ದೊಡ್ಡ ಕಂಪ್ಯೂಟರನ್ನು ಕೇಳಲು ಕಲಿತವು. ಅದು ಹೊರಗಿನ ಸರ್ವರನ್ನು ಕೇಳಲು ಕಲಿಯಿತು. ಸಂಜೆ ಅವರು ಕಾರ್ಡು ಒತ್ತಿ, ಓಡಿ, ಬಾಗಿಲು ತೆರೆದು, ಹಾಳೆ ಮುದ್ರಿಸಿ ನೋಡಿದರು. ಮೊದಲು ಅವರು ಒಳಗೆ ಹೋಗಿದ್ದರು, ಆಮೇಲೆ ಬಾಗಿಲು ತೆರೆದಿತ್ತು. ಇಷ್ಟು ಸಣ್ಣ ಸಂಗತಿಯಿಂದ ಮನುಷ್ಯನಿಗೆ ಇಷ್ಟು ಸುಖ ಆಗಬಹುದೆಂದು ಅವರಿಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಕೈಗಡಿಯಾರವನ್ನೂ ಅವರೇ ಸರಿಯಾದ ಸಮಯಕ್ಕೆ ತಿರುಗಿಸಿದರು.

ಸೋಮವಾರ ಬಸ್ ನಿಲ್ದಾಣಕ್ಕೆ ಹೋದರೆ ಬಸ್ಸು ಹೋಗಿಬಿಟ್ಟಿತ್ತು. ಕಚೇರಿ ತಲುಪಿದಾಗ ಗೋಡೆಯಲ್ಲಿ ಒಂಬತ್ತು ಐವತ್ತೆರಡು, ಕೈಯಲ್ಲೂ ಒಂಬತ್ತು ಐವತ್ತೆರಡು. ಹಾಜರಿ ಗುಮಾಸ್ತ ಕಣ್ಣುಜ್ಜಿಕೊಂಡು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಅವರ ಹೆಸರಿನ ಮುಂದೆ ಕೆಂಪು ಗೆರೆ ಎಳೆದ. ಮಂಗಳವಾರ ಇಪ್ಪತ್ತು ನಿಮಿಷ ತಡ. ಬುಧವಾರ ಅಕ್ಕ ಗೇಟಿನಲ್ಲೇ ಕಾದಿದ್ದು, "ಯಾಕೆ ತಮ್ಮಾ, ಯಂತ್ರಗಳಿಗೆಲ್ಲ ಬುದ್ಧಿ ಬಂತು, ನಿನಗೆ ಹೋಯ್ತಾ?" ಎಂದು ನಕ್ಕರು. ಇನ್ನೊಂದು ಗೆರೆ ಬಿದ್ದರೆ ವಿವರಣೆ ಕೇಳಿ ಪತ್ರ ಬರುತ್ತದೆ ಎಂದು ಗುಮಾಸ್ತ ಮೆಲ್ಲಗೆ ತಿಳಿಸಿದ.

ಗುರುವಾರ ಬೆಳಿಗ್ಗೆ ಸೆಕೆಂಡಪ್ಪನವರು ಟವೆಲು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಬಾಗಿಲಿಲ್ಲದ ಕಪಾಟಿನೊಳಗಿಂದ ಟೈಂಪೀಸು ಇಡೀ ಮನೆಗೆ ಕಾಣುವಂತೆ ಟಿಕ್ ಟಿಕ್ ಎನ್ನುತ್ತಿತ್ತು. ಅವರು ಆ ಕಡೆ ನೋಡದೆ ಕೈಗಡಿಯಾರ ಬಿಚ್ಚಿ ಹೆಂಡತಿಯ ಮುಂದಿಟ್ಟರು.

ಹೆಂಡತಿ ಅದನ್ನು ನೋಡಿದರು, ಗಂಡನನ್ನು ನೋಡಿದರು. "ಏನ್ರೀ? ಮುಂದಿಡ್ಲಾ?"

"ಇಡು."

"ಆ ಟೈಂಪೀಸು ಕಾಣುತ್ತಲ್ಲ ನಿಮಗೆ?"

"ಸಂಜೆ ಬರುವಾಗ ಕಪಾಟಿಗೆ ಒಂದು ಪರದೆ ತರ್ತೀನಿ," ಎಂದರು ಸೆಕೆಂಡಪ್ಪನವರು, ಬಚ್ಚಲಿನ ಕಡೆ ಹೊರಡುತ್ತ. ಅರ್ಧ ದಾರಿಯಲ್ಲಿ ತಿರುಗಿ ನಿಂತರು. "ಎಷ್ಟು ಅಂತ ಮಾತ್ರ ನನಗೆ ಹೇಳ್ಬೇಡ."